ಬ್ಯಾಸಗಿಯಾಗ ಅವ್ವನಿಗೆ ಓದಿ ಹೇಳಿದ ಪುಸ್ತಕಗಳು

[ದೃಶ್ಯ: ಪರ್ಸಿ ಕಲ್ಲು ಹಾಸಿದ ನೆಲ, ಗಡಗಡ ಅನ್ನುವ ಕೂಲರ್, ಮಗುಚಿಟ್ಟ ಪುಸ್ತಕ]

ನಮಸ್ಕಾರ್ರೀ. ಕಲಬುರಗಿ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಮಾಮೂಲು. ಬೇಸಿಗೆ ಬಂದರೆ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ನಾನೂ ಅಂಥ ಒಂದು ಕಚೇರಿಯವಳು. ಮನೆಗೆ ಬಂದು ಉಂಡರೆ ಸಂಜೆ ಆರರವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಚಾಪೆಯೂ ಬೇಡ, ಶಹಾಬಾದ್ ಪರ್ಸಿ ಮೇಲೆ ಹಾಗೇ ಬಿದ್ದುಕೊಂಡು ಓದುವುದು. ಪಕ್ಕದಲ್ಲಿ ಅವ್ವ. ಅವಳು ಶಾಲೆ ಮುಖ ನೋಡಿದವಳಲ್ಲ. “ಒಬ್ಬಾಕೇ ಏನ್ ನಗ್ಲತ್ತಿ?” ಅಂತ ಒಂದಿನ ಗದರಿದಳು. ಅವತ್ತಿನಿಂದ ಗಟ್ಟಿಯಾಗಿ ಓದತೊಡಗಿದೆ.

ಆಗ ಕೈಯಲ್ಲಿದ್ದದ್ದು ತೇಜಸ್ವಿಯವರ ‘ಕರ್ವಾಲೊ’, 1980ರ ಕಾದಂಬರಿ. ಮೂಡಿಗೆರೆ, ಜೇನು, ಕಾಡು. ಈ ಉರಿಯಲ್ಲಿ ಅದನ್ನು ಓದಿದರೆ ಮೈ ತಣ್ಣಗಾಗುತ್ತೆ, ನಿಜ. ಆದರೆ ಅವ್ವನಿಗೆ ಹತ್ತಲಿಲ್ಲ. ಹಾರುವ ಓತಿಯನ್ನು ಹುಡುಕಿ ಎಲ್ಲರೂ ಕಾಡಿಗೆ ಹೊರಟಾಗ, “ಒಂದ್ ಓತಿಕ್ಯಾತಕ್ಕ ಇಷ್ಟ್ ಮಂದಿ ಹೊಂಟಾರೇನು?” ಅಂದು ನಿದ್ದೆ ಹೋದಳು.

[ದೃಶ್ಯ: ‘ಬದುಕು’ ಕಾದಂಬರಿಯ ಮುಖಪುಟ]

ಅವ್ವನ ನಿದ್ದೆ ಕೆಡಿಸಿದ್ದು ಗೀತಾ ನಾಗಭೂಷಣ ಅವರ ‘ಬದುಕು’. ಇದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರು. ಊರು ಇಲ್ಲೇ, ಸಾವಳಗಿ. ಬಡವರ, ಕೆಳಜಾತಿಯ ಹೆಣ್ಣುಮಕ್ಕಳ ಬಾಳನ್ನು ನಮ್ಮ ಮಾತಿನಲ್ಲೇ ಬರೆದವರು. ಎರಡು ಪುಟ ಆಗಿರಲಿಲ್ಲ, ಅವ್ವ ಎದ್ದು ಕೂತಳು. “ಈಕಿ ನಮ್ಮ ಕಡೀಕಿನೇ ನೋಡು!” ಬೈಗುಳ ಬಂದಲ್ಲಿ ನಾನು ತಡವರಿಸಿದರೆ, ಮುಂದಿನ ಶಬ್ದ ಏನಿರಬಹುದು ಅಂತ ಅವಳೇ ಹೇಳುತ್ತಿದ್ದಳು. ಬಹಳ ಸಲ ಅದೇ ಇರುತ್ತಿತ್ತು!

ಇಂಥ ಪುಸ್ತಕ ಓದೋಕೆ ಕಷ್ಟ ಅಂತ ಬೆಂಗಳೂರಿನ ಗೆಳತಿಯರು ಹೇಳುತ್ತಾರೆ. ಕಷ್ಟ ಕಣ್ಣಿಗೆ ಮಾತ್ರ. ಬೆಂಗಳೂರಲ್ಲಿ ‘ಮಾಡ್ತಾ ಇದೀನಿ’, ಧಾರವಾಡದಲ್ಲಿ ‘ಮಾಡಾಕತ್ತೀನಿ’, ನಮ್ಮಲ್ಲಿ ‘ಮಾಡ್ಲತ್ತೀನಿ’. ಅಚ್ಚಿನಲ್ಲಿ ನೋಡಿದರೆ ಬೇರೆ ಭಾಷೆಯೇ ಅನಿಸಬಹುದು. ಬಾಯಿಬಿಟ್ಟು ಓದಿ, ನಾಲ್ಕು ಪುಟದಲ್ಲಿ ಕಿವಿ ಪಳಗುತ್ತದೆ. ಮತ್ತೆ ‘ಜರಾ’, ‘ಬಾಜೂಕ’ ಅಂಥ ಮಾತು ಬಂದರೆ ಗಾಬರಿ ಬೇಡ. 1948ರವರೆಗೆ ನಾವು ನಿಜಾಮನ ಕೈಯಲ್ಲಿದ್ದವರು. ಉರ್ದು ನಮ್ಮ ಅಡುಗೆಮನೆತನಕ ಬಂದಿದೆ.

[ದೃಶ್ಯ: ಮಳಖೇಡದ ಕೋಟೆ, ಕಾಗಿಣಾ ನದಿ]

ಹಾಗೆ ನೋಡಿದರೆ ಇದು ಹೊಸ ತಕರಾರೇನಲ್ಲ. ಮಳಖೇಡ ಇಲ್ಲಿಂದ ಸುಮಾರು 40 ಕಿಲೋಮೀಟರ್. ಅದು ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ. ಹೊಸಗನ್ನಡ ಅರ್ಥ ಇಟ್ಟುಕೊಂಡು ಓದಿದೆ. ಪೂರ್ತಿ ಓದಿದೆ ಅಂತ ಸುಳ್ಳು ಹೇಳಲ್ಲ, ಅಲಂಕಾರದ ಪಟ್ಟಿ ಬಂದಾಗ ಜಾರಿಕೊಂಡೆ. ಆದರೆ ಒಂದು ಮಾತು ಹಿಡಿದು ನಿಲ್ಲಿಸಿತು. ಅದರಲ್ಲಿ ‘ಕನ್ನಡ’ ಅಲ್ಲ, ‘ಕನ್ನಡಂಗಳ್’ ಅಂತಿದೆ. ಒಂದೊಂದು ಕಡೆ ಒಂದೊಂದು ಥರ, ಸಾವಿರ ಬಾಯಿಯ ವಾಸುಕಿಗೂ ಅರಿಯಲಾಗದೆ ಬೇಸರ ಬಂದೀತು ಅನ್ನುತ್ತಾನೆ ಕವಿ. ಗೆಳತಿಯರಿಗೆ ಅದನ್ನೇ ಫೋಟೋ ಹೊಡೆದು ಕಳಿಸಿದೆ.

‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಅನ್ನುವ ಮಾತೂ ಅಲ್ಲಿಯದೇ. ಓದು ಕಲಿಯದಿದ್ದರೂ ಕಾವ್ಯ ಕಟ್ಟಬಲ್ಲ ಜನ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಸುಮ್ನೆ ಮಾರ್ಕಿಗಾಗಿ.

[ದೃಶ್ಯ: ಸಂಜೆ, ಮನೆ ಮುಂದಿನ ಕಟ್ಟೆ]

ಈಗ ನನ್ನ ಕಚೇರಿ ಮತ್ತೆ ಸಂಜೆವರೆಗೂ. ‘ಬದುಕು’ ಇನ್ನೂ ಅರವತ್ತು ಪುಟ ಬಾಕಿ. ಮೊನ್ನೆ ಮನೆಗೆ ಬಂದಾಗ ಅವ್ವ ಕಟ್ಟೆ ಮೇಲೆ ಕೂತು ಓಣಿಯ ಹೆಂಗಸರಿಗೆ ಅದೇ ಕತೆ ಹೇಳುತ್ತಿದ್ದಳು. ನಿಂತು ಕೇಳಿದೆ. ಪುಸ್ತಕದಲ್ಲಿಲ್ಲದ ಎರಡು ಜಗಳ, ಒಂದು ಮದುವೆ ಸೇರಿಕೊಂಡಿದ್ದವು.