ತಲೆ ಬೇರೆ, ಮೈ ಬೇರೆ: ಐದು ಅಕ್ಷರದ ದೆವ್ವ

ನಮಸ್ಕಾರ. ಬಾಗಲಕೋಟೆಯ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದೇನೆ. ಹಿಂದೆ ಪ್ರಿಂಟರ್ ಸದ್ದು ಕೇಳಿಸ್ತಿದೆ ಅಲ್ವಾ? ಅದರಿಂದ ಈಗ ಹೊರಬರ್ತಿರೋದು 10 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡು. ಮೇಲಿನ ಸಾಲಲ್ಲಿ ಇರೋದು ಐದೇ ಅಕ್ಷರ: ದೆವ್ವದ ಮನೆ. ಈ ಐದು ಅಕ್ಷರಕ್ಕೆ ನನಗೆ 9 ದಿನ ಹಿಡಿಯಿತು.

ಬನದ ಹುಣ್ಣಿಮೆ ಬಂದರೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ. ತೇರು ಎಳೆದು ಮುಗಿದರೂ ಜಾತ್ರೆ ಮುಗಿಯೋದಿಲ್ಲ. ನಾಟಕ ಕಂಪನಿಗಳ ಟೆಂಟು, ತಿರುಗೋ ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ ಅಂಗಡಿ ವಾರಗಟ್ಟಲೆ ಇರುತ್ತವೆ. ಅಲ್ಲಿ ದೆವ್ವದ ಮನೆ ಹಾಕುವ ಅಣ್ಣ ಒಬ್ಬರು ನಮ್ಮಲ್ಲಿಗೆ ಬಂದರು. "ಒಳಗ ಹೋದಮ್ಯಾಲೆ ಅಲ್ರೀ, ಬೋರ್ಡ್ ನೋಡಿದ್ರನ ಮಂದಿ ಅಂಜಬೇಕು" ಅಂದರು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಫಾಂಟ್, ಅಂದ್ರೆ ಕಂಪ್ಯೂಟರಿನ ಅಕ್ಷರ ವಿನ್ಯಾಸಗಳು ಸಿಗುವ ಗೂಗಲ್ ಫಾಂಟ್ಸ್ ಸೈಟಿಗೆ ಹೋದೆ. ಅಲ್ಲಿ ಕ್ರೀಪ್‌ಸ್ಟರ್ ಇದೆ, ನೋಸಿಫರ್ ಇದೆ. ಎರಡೂ ಪುಕ್ಕಟೆ. ನೋಸಿಫರ್‌ನಲ್ಲಂತೂ ಅಕ್ಷರದಿಂದ ರಕ್ತ ತೊಟ್ಟಿಕ್ಕುತ್ತದೆ. ಆದರೆ ಅವು ಇಂಗ್ಲಿಷ್ ಲಿಪಿಯವು. ಕನ್ನಡ ಟೈಪ್ ಮಾಡಿದರೆ ಬರೀ ಡಬ್ಬಿ ಡಬ್ಬಿ ಬರುತ್ತದೆ, ಇಲ್ಲಾಂದ್ರೆ ಕಂಪ್ಯೂಟರ್ ತಾನೇ ಯಾವುದೋ ಸಾದಾ ಕನ್ನಡ ಫಾಂಟ್ ತಂದು ಕೂರಿಸುತ್ತದೆ. ಕನ್ನಡದಲ್ಲೂ ಬೋರ್ಡು, ಪೋಸ್ಟರಿಗೆ ಅಂತಲೇ ಮಾಡಿದ ಒಳ್ಳೊಳ್ಳೆ ಫಾಂಟ್ ಇವೆ. ಬಲೂ ತಮ್ಮ ಇದೆ, ಅಕಾಯಾ ಕನ್ನಡಕ ಇದೆ. ನನಗೆ ಎರಡೂ ಇಷ್ಟ. ಆದರೆ ಅವು ಹೆದರಿಸುವ ಅಕ್ಷರಗಳಲ್ಲ.

ಸರಿ, ನಾನೇ ಬರೆಯೋಣ ಅಂತ ಕೂತೆ. ದಪ್ಪಗೆ "ದೆವ್ವ" ಬರೆದು, ಕೆಳಗೆ ರಕ್ತದ ಹನಿ ಇಳಿಸಿದೆ. ಸ್ಕ್ರೀನ್ ಮೇಲೆ ನೋಡಿ, ಏನಾಗಿದೆ ಗೊತ್ತಾಯ್ತಾ? "ದ" ಕೆಳಗೆ ಒಂದು ಹನಿ ಇಳಿದ ಕೂಡಲೇ ಅದು "ಧ" ಆಗಿಬಿಟ್ಟಿತು. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಅಂತ ಶಾಲೆಯಲ್ಲಿ ಹೇಳಿಕೊಡ್ತಾರಲ್ಲ, ಅದೇ ಗೆರೆ ಇದು. "ಪಿಶಾಚಿ" ಬರೆದು ಹನಿ ಇಳಿಸಿದರೆ "ಫಿಶಾಚಿ". ಇನ್ನು "ವ್ವ"ದ ಕೆಳಗೆ ಒತ್ತಕ್ಷರ ಕೂತಿದೆ. ಹನಿ ಅದರ ಮೇಲೆ ಬಿದ್ದು ಎಲ್ಲಾ ಕಲಸಿಹೋಯಿತು.

ಇಂಗ್ಲಿಷ್‌ನಲ್ಲಿ ದೊಡ್ಡಕ್ಷರಗಳ ಕೆಳಗೆ ಜಾಗ ಖಾಲಿ ಇರುತ್ತದೆ, ರಕ್ತ ಸುಮ್ನೆ ಇಳಿಯಬಹುದು. ನಮ್ಮಲ್ಲಿ ಕೆಳಗಡೆ ಒತ್ತಕ್ಷರಗಳ ಮನೆ. ಅಲ್ಲಿ ಏನೇ ಸೇರಿಸಿದರೂ ಓದುವವರಿಗೆ ಬೇರೆ ಅಕ್ಷರವೇ ಕಾಣಿಸಬಹುದು.

ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ನಮ್ಮ ಓಣಿಯ ಪೇಂಟರ್ ಕಾಕಾ ಹತ್ತಿರ ಹೋದೆ. ಫ್ಲೆಕ್ಸ್ ಬರೋ ಮೊದಲು ನಾಟಕ ಕಂಪನಿಗಳಿಗೆ ಬ್ರಶ್ ಹಿಡಿದು ಬೋರ್ಡ್ ಬರೀತಿದ್ದವರು ಅವರು. ನನ್ನ ಪ್ರಿಂಟ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಯವ್ವಾ, ಕೆಳಗ ಯಾಕ ಕೈ ಹಾಕ್ತಿ? ಮ್ಯಾಲೆ ತಲಿ ಐತಲ್ಲ, ಅದನ್ನ ಕಡಿ" ಅಂದರು.

ತಲೆಕಟ್ಟು! ಅಷ್ಟು ದಿನ ನನ್ನ ಕಣ್ಣೆದುರೇ ಇತ್ತು. ಕಾಕಾ ಚಾಕ್‌ಪೀಸ್ ತಗೊಂಡು ನೆಲದ ಮೇಲೆ "ಮ" ಬರೆದರು. ತಲೆಕಟ್ಟನ್ನು ಅಕ್ಷರಕ್ಕೆ ಅಂಟಿಸಲಿಲ್ಲ. ಸ್ವಲ್ಪ ಮೇಲಕ್ಕೆ ಎತ್ತಿ, ಒಂದು ಕಡೆ ವಾಲಿಸಿ ಬಿಟ್ಟರು. ಅಷ್ಟೇ. ಒಂದು ಹನಿ ರಕ್ತ ಇಲ್ಲ, ಆದರೆ ಆ "ಮ" ಕತ್ತು ಕಡಿಸಿಕೊಂಡು ನಿಂತ ಹಾಗೆ ಕಾಣ್ತಿತ್ತು. ನನಗೆ ನಿಜವಾಗಲೂ ಮೈ ಜುಮ್ಮೆಂದಿತು.

ಮುಂದೆ ಉಳಿದದ್ದು ಅಳತೆ. ಸ್ಕ್ರೀನಿನಲ್ಲಿ ಕೂದಲೆಳೆಯಷ್ಟು ಸಂದು ಸಾಕು ಅನಿಸಿತ್ತು. ಪ್ರಿಂಟ್ ತೆಗೆದು ರಸ್ತೆ ಆಚೆ ನಿಂತು ನೋಡಿದರೆ ಸಂದು ಮಾಯ, ಸಾದಾ ಅಕ್ಷರ! ಜಾಸ್ತಿ ಎತ್ತಿದರೆ ತಲೆ ಎಲ್ಲೋ, ಅಕ್ಷರ ಎಲ್ಲೋ. ಕೊನೆಗೆ ಎರಡು ಬೆರಳು ಹಿಡಿಸುವಷ್ಟು ಸಂದು ಬಿಟ್ಟೆ. "ದೆ" ಮತ್ತು "ನೆ"ಗಳಲ್ಲಿ ತಲೆಕಟ್ಟಿನ ಜಾಗಕ್ಕೆ ಎತ್ವ ಬರುತ್ತದೆ. ಅದನ್ನೂ ಹಾಗೇ ಬಿಡಿಸಿದೆ. ಒತ್ತಕ್ಷರವನ್ನು ಮಾತ್ರ ಮುಟ್ಟಲಿಲ್ಲ.

ಇಂಥ ಅಕ್ಷರ ಎಲ್ಲಿ ಬಳಸಬಹುದು ಅಂತ ಕೆಲವರು ಕೇಳಿದ್ದಿರಿ. ನಾಟಕದ ಪೋಸ್ಟರಿನಲ್ಲಿ ಹೆಸರಿಗೆ, ದೆವ್ವದ ಕಥೆ ಪುಸ್ತಕದ ಮುಖಪುಟಕ್ಕೆ, ಯೂಟ್ಯೂಬ್ ಥಂಬ್‌ನೇಲ್‌ಗೆ ಬಳಸಿ. ಎರಡು ಮೂರು ಪದ, ಅಷ್ಟೇ. ಟಿಕೆಟ್ ದರ, ಸಮಯ, ಫೋನ್ ನಂಬರ್ ಇದರಲ್ಲಿ ಬರೀಬೇಡಿ. ಅದಕ್ಕೆ ಸಾದಾ ಫಾಂಟೇ ಬೇಕು. ಈ ಬೋರ್ಡಿನಲ್ಲೂ ಕೆಳಗಿನ ಸಾಲನ್ನು ಬಲೂ ತಮ್ಮದಲ್ಲಿ ಹಾಕಿದ್ದೇನೆ. ಹಿನ್ನೆಲೆ ಕಪ್ಪು, ಅಕ್ಷರ ಹಳದಿ. ಕೆಂಪು ಹಾಕಿ ನೋಡಿದೆ, ಕಪ್ಪಿನ ಮೇಲೆ ರಾತ್ರಿ ಹೊತ್ತು ಎದ್ದು ಕಾಣೋದಿಲ್ಲ.

ಸಂಜೆ ಈ ಫ್ಲೆಕ್ಸ್ ಗಾಡಿ ಹತ್ತಿ ಬನಶಂಕರಿಗೆ ಹೋಗುತ್ತದೆ. ಇದನ್ನು ಪೂರ್ತಿ ಫಾಂಟ್ ಮಾಡಬೇಕು ಅಂತ ನನಗೆ ತುಂಬಾ ಆಸೆ. ಮುಂದೆ ಬರೆಯೋದಕ್ಕೆ ಎರಡು ಪದ ಆರಿಸಿಟ್ಟಿದ್ದೇನೆ. ಹಿಂದೆ ದೆವ್ವ ವಾಪಸ್ ಹೋಗಲಿ ಅಂತ ಬಾಗಿಲ ಮೇಲೆ ಬರೀತಿದ್ದರಲ್ಲ, "ನಾಳೆ ಬಾ", ಅದೇ. "ನಾ" ನಿನ್ನೆ ರಾತ್ರಿ ಆಯಿತು. "ಳೆ" ಅರ್ಧ ಆಗಿದೆ. "ಬ" ಹತ್ತಿರ ಬಂದು ನಿಂತಿದ್ದೇನೆ, ಯಾಕಂದ್ರೆ "ಬ"ಕ್ಕೆ ತಲೆಕಟ್ಟೇ ಇಲ್ಲ. ನಾಳೆ ಕಾಕಾ ಹತ್ತಿರ ಮತ್ತೆ ಹೋಗಬೇಕು.