ಬಂಗಾರ ಕೆಂಪಗಿರುತ್ತದೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಲಿಂಗಸುಗೂರಿನಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು. ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಪುಟ್ಟ ಬಾಟಲಿ ಇದೆ. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. ಅದರಲ್ಲಿ ಬಣ್ಣದ ಪುಡಿ ಏನೂ ಇಲ್ಲ. ಇರುವುದು ಬಂಗಾರ.

ಬಂಗಾರದ ಗಣಿ ಇರುವ ಹಟ್ಟಿ ಊರಿನಿಂದ ಬರುವ ಹುಡುಗಿಯೊಬ್ಬಳು ಇದನ್ನು ಒಪ್ಪಲೇ ಇಲ್ಲ. "ನಮ್ಮಪ್ಪ ಗಣ್ಯಾಗ ಕೆಲಸ ಮಾಡ್ತಾರ್ರಿ ಮೇಡಂ, ಬಂಗಾರ ಹಳದಿ ಇರ್ತದ" ಅಂದಳು. ಸರಿ, ನೀನೇ ಮಾಡಿ ನೋಡು ಅಂದೆ.

ಬಂಗಾರದ ಲವಣ ಕರಗಿಸಿದ 20 ಮಿಲಿಲೀಟರ್ ನೀರನ್ನು ಒಲೆಯ ಮೇಲಿಟ್ಟಳು. ತಿಳಿ ಹಳದಿ ನೀರು. ಅದರಲ್ಲಿದ್ದ ಬಂಗಾರ ಸುಮಾರು 4 ಮಿಲಿಗ್ರಾಂ ಅಷ್ಟೇ. ಅರ್ಧ ಗ್ರಾಮಿನ ಒಂದು ಮೂಗುತಿಯಿಂದ ಇಂಥ ನೂರು ಬಾಟಲಿ ಮಾಡಬಹುದು. ಕುದಿ ಬಂದಾಗ ಸೋಡಿಯಂ ಸಿಟ್ರೇಟ್ ದ್ರಾವಣ ಹಾಕಿದಳು. ಹಳದಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ನೀರು ಮಸಿ ಕಲಸಿದ ಹಾಗೆ ಕಪ್ಪಾಯಿತು. ಕೆಟ್ಟುಹೋಯಿತು ಅಂತ ಅವಳು ಮುಖ ಸಣ್ಣಗೆ ಮಾಡಿಕೊಂಡಳು. ತಡಿ ಅಂದೆ. ಕಪ್ಪು ನೇರಳೆಯಾಯಿತು, ನೇರಳೆ ಕೆಂಪಾಯಿತು. ಆ ಹುಡುಗಿ ಒಲೆ ಆರಿಸುವುದನ್ನೂ ಮರೆತು ನಿಂತಿದ್ದಳು.

ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಇಂಥದೇ ಕೆಂಪು ದ್ರವ ಮಾಡಿ, ಅದರಲ್ಲಿರುವುದು ಬಂಗಾರದ ಬಹಳ ಸಣ್ಣ ಕಣಗಳು ಅಂತ 1857ರಲ್ಲಿ ಹೇಳಿದ. ಎಷ್ಟು ಸಣ್ಣವು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ಬಾಟಲಿಯ ಕಣಗಳು 20 ನ್ಯಾನೋಮೀಟರ್ ಆಸುಪಾಸಿನವು. ತಲೆಗೂದಲಿನ ದಪ್ಪಕ್ಕೆ ಇವನ್ನು ಸಾವಿರಗಟ್ಟಲೆ ಸಾಲು ಹಚ್ಚಬೇಕು.

ಕೆಂಪು ಯಾಕೆ? ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿಗೆ ತನ್ನದೇ ಒಂದು ಲಯ ಇದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯಿಂದಲೂ ದೊಡ್ಡ ಜೀಕು ಬರುತ್ತದೆ. ಲಯ ತಪ್ಪಿದರೆ ಎಷ್ಟು ಬಲ ಹಾಕಿದರೂ ಅಷ್ಟೇ. ಬಂಗಾರದ ಕಣದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ. ಬೆಳಕಿನ ಅಲೆ ಬಂದು ತಳ್ಳಿದಾಗ ಅವೆಲ್ಲ ಒಟ್ಟಿಗೆ ಆ ಕಡೆ ಈ ಕಡೆ ಜೀಕುತ್ತವೆ. ಇದಕ್ಕೆ ಪ್ಲಾಸ್ಮಾನ್ ಅನ್ನುತ್ತಾರೆ. ಇಷ್ಟು ಸಣ್ಣ ಕಣದ ಲಯಕ್ಕೆ ಕೂಡಿ ಬರುವುದು ಹಸಿರು ಬೆಳಕು, ಅದರ ಅಲೆಯ ಉದ್ದ ಸುಮಾರು 520 ನ್ಯಾನೋಮೀಟರ್. ಅದನ್ನು ಕಣ ನುಂಗಿಕೊಳ್ಳುತ್ತದೆ. ಉಳಿದದ್ದು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ.

ಈಗ ಎರಡು ಕಣ ಹತ್ತಿರ ಬಂದವು ಅನ್ನಿ. ಒಂದಕ್ಕೊಂದು ಕಟ್ಟಿದ ಜೋಕಾಲಿಗಳ ಹಾಗೆ ಅವುಗಳ ಲಯ ಬದಲಾಗಿ ನಿಧಾನವಾಗುತ್ತದೆ. ಆಗ ಕೆಂಪು ಬೆಳಕನ್ನೇ ನುಂಗತೊಡಗುತ್ತವೆ, ನೀರು ನೀಲಿಯಾಗುತ್ತದೆ. ಕಣಗಳು ದೂರ ಇದ್ದರೆ ಕೆಂಪು, ಗುಂಪು ಕೂಡಿದರೆ ನೀಲಿ. ನೀರಿನಲ್ಲಿ ಏನಿದೆ ಅಂತ ಈ ಕಣಗಳಿಂದ ಪತ್ತೆ ಹಚ್ಚುವ ಕೆಲಸ ನಿಂತಿರುವುದೇ ಇದರ ಮೇಲೆ. ನಮಗೆ ಬೇಕಾದ ವಸ್ತು ಬಂದಾಗ ಮಾತ್ರ ಕಣಗಳು ಗುಂಪು ಕೂಡುವ ಹಾಗೆ ಮಾಡಿದರೆ, ಉತ್ತರ ಬರಿಗಣ್ಣಿಗೇ ಸಿಗುತ್ತದೆ.

ಬಂಗಾರದ ಈ ಕೆಂಪು ನಿಮ್ಮ ಮನೆಗೂ ಬಂದಿರಬಹುದು. ಬಸಿರು ಪರೀಕ್ಷೆಯ ಬಹಳಷ್ಟು ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆ ಬಂಗಾರದ ಕಣಗಳದೇ. ಅಲ್ಲಿ ಕಣಗಳು ಒಂದು ಗೆರೆಯ ಮೇಲೆ ಬಂದು ಅಂಟಿಕೊಳ್ಳುತ್ತವೆ.

ನನಗೆ ಜಾಸ್ತಿ ಕಾಳಜಿ ಇರುವುದು ಕುಡಿಯುವ ನೀರಿನದು. ಬಂಗಾರ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಖನಿಜವೂ ಜೊತೆಗಿರುವುದು ಸಾಮಾನ್ಯ. ನಮ್ಮ ರಾಯಚೂರು, ಪಕ್ಕದ ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಈ ವಿಷ ಸಿಕ್ಕಿದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ಕುಡಿಯುವ ನೀರಿನ ಮಿತಿ. ಆರ್ಸೆನಿಕ್‌ನ ಒಂದು ರೂಪಕ್ಕೆ ಗಂಧಕ ಅಂದರೆ ಬಲು ಸೆಳೆತ. ಒಂದು ಪರಮಾಣು ಮೂರು ಗಂಧಕಗಳನ್ನು ಹಿಡಿದುಕೊಳ್ಳಬಲ್ಲದು. ಆದ್ದರಿಂದ ಬಂಗಾರದ ಕಣಗಳಿಗೆ ಗಂಧಕ ಇರುವ ಸಣ್ಣ ಅಣುಗಳನ್ನು ತೊಡಿಸುತ್ತಾರೆ. ಆರ್ಸೆನಿಕ್ ಬಂದು ಕಣಗಳನ್ನು ಒಟ್ಟಿಗೆ ಎಳೆಯುತ್ತದೆ, ಕೆಂಪು ನೀಲಿಯಾಗುತ್ತದೆ.

ಓದುವಾಗ ಇದು ಸಲೀಸು. ಆದರೆ ನಮ್ಮಲ್ಲಿ ಏನಾಯಿತು ಕೇಳಿ. ಮಕ್ಕಳು ಒಂದು ಹಳ್ಳಿಯ ಬೋರ್‌ವೆಲ್ ನೀರು ತಂದು, ಏನೂ ತೊಡಿಸದ ಬರೀ ಕೆಂಪು ದ್ರವಕ್ಕೆ ಹಾಕಿದರು. ಕಣ್ಣೆದುರಿಗೇ ನೀಲಿಯಾಯಿತು. ಎಲ್ಲರ ಮುಖ ಬಿಳುಚಿತು. ನಾನು ಇನ್ನೊಂದು ನಳಿಗೆಗೆ ಅಡುಗೆ ಉಪ್ಪಿನ ನೀರು ಹಾಕಿದೆ. ಅದೂ ನೀಲಿ! ಕಣಗಳ ಮೈಮೇಲೆ ಒಂದೇ ಬಗೆಯ ವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪು ಆ ತಳ್ಳಾಟಕ್ಕೆ ಮರೆ ಹಿಡಿಯುತ್ತದೆ, ಕಣಗಳು ಬಂದು ಅಂಟಿಕೊಳ್ಳುತ್ತವೆ. ನಮ್ಮ ಕಡೆ ಎಷ್ಟೊಂದು ಬೋರ್‌ವೆಲ್‌ಗಳ ನೀರು ಸವಳು, ಅಲ್ವಾ? ಬಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ನಡೆದ ಪರೀಕ್ಷೆ ನಮ್ಮೂರ ನೀರಿನಲ್ಲಿ ಸುಳ್ಳು ಹೇಳಬಹುದು. ಹಾಗಾಗಿ ಬಣ್ಣ ನೋಡಿ ಯಾರೂ ಗಾಬರಿಯಾಗಬೇಡಿ, ಸುಮ್ನೆ ನಿಶ್ಚಿಂತೆಯಾಗಿಯೂ ಇರಬೇಡಿ. ಅನುಮಾನ ಇದ್ದರೆ ಜಿಲ್ಲೆಯ ನೀರು ಪರೀಕ್ಷೆಯ ಲ್ಯಾಬಿಗೆ ಕೊಟ್ಟೇ ತಿಳಿದುಕೊಳ್ಳಿ.

ಇಂಥ ಪರೀಕ್ಷೆಗಳನ್ನು ನಮ್ಮ ಸವಳು ನೀರಿಗೇ ಹೊಂದಿಸಬೇಕು. ಆ ಕೆಲಸ ನಮ್ಮ ಮಕ್ಕಳೇ ಮಾಡಲಿ ಅನ್ನುವುದು ನನ್ನ ಆಸೆ. ಈ ವಾರ ಅವರು ತಮ್ಮ ತಮ್ಮ ಊರಿನಿಂದ ಒಂದೊಂದು ಬಾಟಲಿ ನೀರು ತರುತ್ತಿದ್ದಾರೆ. ಬಾಟಲಿಯ ಮೇಲೆ ಊರಿನ ಹೆಸರು, ಬೋರ್‌ವೆಲ್ ಎಷ್ಟು ಅಡಿ ಅನ್ನುವುದನ್ನು ಬರೆಯಲು ಹೇಳಿದ್ದೇನೆ. ಮೊದಲು ಉಪ್ಪು ಅಳೆಯುತ್ತೇವೆ. ಬಂಗಾರ ಹಾಕುವುದು ಆಮೇಲೆ. ನಮಸ್ಕಾರ.