‘ಜಾರಿ ಬಿದ್ದೆ’ ಅನ್ನಬೇಡಿ: ಹಿರಿಯರ ಮೇಲಿನ ಹಲ್ಲೆ ಮತ್ತು ಕಾನೂನು

ಎಲ್ಲರಿಗೂ ನಮಸ್ಕಾರ. ಜೂನ್ 15 ಹಿರಿಯರ ಮೇಲಿನ ದೌರ್ಜನ್ಯದ ಬಗ್ಗೆ ಜಾಗೃತಿ ಮೂಡಿಸುವ ದಿನ. ಈ ದಿನದ ಭಾಷಣಗಳಲ್ಲಿ ಶ್ರವಣಕುಮಾರ ಬಂದೇ ಬರುತ್ತಾನೆ. ಇವತ್ತು ಅವನನ್ನು ಬಿಟ್ಟು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗೋಣ. ಇಂಥ ಎಷ್ಟೋ ಕೇಸುಗಳು ಕೋರ್ಟು ಮುಟ್ಟುವ ಮೊದಲು ಅಲ್ಲೇ ಸೋತಿರುತ್ತವೆ.

ಒಬ್ಬ ಅಜ್ಜಿಯ ಮಣಿಕಟ್ಟು ಊದಿದೆ ಅಂದುಕೊಳ್ಳಿ. ಡಾಕ್ಟರು ‘ಹೇಗಾಯ್ತಜ್ಜಿ?’ ಅಂತ ಕೇಳುತ್ತಾರೆ. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಮಗ, ‘ಬಾತ್‌ರೂಮಲ್ಲಿ ಜಾರಿ ಬಿದ್ರು ಡಾಕ್ಟ್ರೇ’ ಅನ್ನುತ್ತಾನೆ. ಅಜ್ಜಿ ತಲೆಯಾಡಿಸುತ್ತಾರೆ. ಚೀಟಿಯಲ್ಲಿ ಅದೇ ಬರೆದಾಯ್ತು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ಮಾಡುವ ದಾಖಲೆ, ಅದಿಲ್ಲ; ಪೊಲೀಸರಿಗೆ ಸುದ್ದಿಯಿಲ್ಲ. ವಾರ ಕಳೆದ ಮೇಲೆ ಅಜ್ಜಿ ಮಗಳ ಮುಂದೆ ಅತ್ತು ನಿಜ ಹೇಳುತ್ತಾರೆ. ಮುಂದೆ ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರು ಹಿಡಿದುಕೊಳ್ಳುವುದು ಚೀಟಿಯ ಆ ಒಂದು ಸಾಲನ್ನೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಅವರ ಕೆಲಸ ಅದು. ಅದಕ್ಕೇ ಇಲ್ಲಿರುವ ಡಾಕ್ಟರು, ನರ್ಸುಗಳಿಗೆ ನನ್ನದೊಂದು ಕೋರಿಕೆ: ಜೊತೆಗೆ ಬಂದವರನ್ನು ಒಂದು ನಿಮಿಷ ಹೊರಗೆ ಕಳಿಸಿ, ಆಮೇಲೆ ಕೇಳಿ. ಗಾಯದ ಅಳತೆ, ಬಣ್ಣ ಎರಡನ್ನೂ ಬರೆಯಿರಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸುಮ್ನೆ ತಗುಲಿದರೂ ಚರ್ಮ ನೀಲಿಗಟ್ಟುತ್ತದೆ ಅನ್ನೋ ವಾದ ಬಂದೇ ಬರುತ್ತದೆ.

ಇನ್ನು ಕಾನೂನು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹಿರಿಯರನ್ನು ಹೊಡೆದರೆ ಅಂತ ಬೇರೆ ಅಪರಾಧ ಅದರಲ್ಲೂ ಇಲ್ಲ. ಇಪ್ಪತ್ತರ ಹುಡುಗನಿಗೆ ಹೊಡೆದರೂ ಎಂಬತ್ತರ ಅಜ್ಜನಿಗೆ ಹೊಡೆದರೂ ಕಲಂ 115ರ ಕೆಳಗೆ ಒಂದೇ ಶಿಕ್ಷೆ: ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಿಸಿ ನೀರು ಎರಚಿದರೆ ಕಲಂ 118, ಮೂರು ವರ್ಷದವರೆಗೆ. ಮೂಳೆ ಮುರಿದರೆ ಅದು ತೀವ್ರ ಗಾಯ, ಕಲಂ 117, ಏಳು ವರ್ಷದವರೆಗೆ. ಹದಿನೈದು ದಿನ ತೀವ್ರ ನೋವು ತಿಂದರೂ ತೀವ್ರ ಗಾಯವೇ. ಹಿಂದೆ ಇದಕ್ಕೆ ಇಪ್ಪತ್ತು ದಿನ ಬೇಕಿತ್ತು.

ಆದರೆ ವಯಸ್ಸು ಲೆಕ್ಕಕ್ಕೇ ಬರುವುದಿಲ್ಲ ಅಂತಲ್ಲ. ಮಗ ತಳ್ಳಿದ, ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ‘ಬರೀ ತಳ್ಳಿದ್ದು ಸ್ವಾಮಿ, ಮೂಳೆ ಸವೆದಿದ್ದಕ್ಕೆ ಮುರಿಯಿತು’ ಅನ್ನುತ್ತಾರೆ. ತೀವ್ರ ಗಾಯ ಮಾಡುವ ಉದ್ದೇಶ ಇತ್ತು, ಇಲ್ಲವೇ ಅಂಥ ಗಾಯ ಆಗಬಹುದು ಅಂತ ಗೊತ್ತಿತ್ತು ಅಂತ ಸಾಬೀತಾದರೆ ಮಾತ್ರ 117 ನಿಲ್ಲುತ್ತದೆ. ತಾಯಿಗೆ ಎಂಬತ್ತು ವರ್ಷ, ವಾಕರ್ ಹಿಡಿದು ನಡೆಯುತ್ತಾರೆ ಅಂತ ಒಂದೇ ಮನೆಯಲ್ಲಿರುವ ಮಗನಿಗೆ ಗೊತ್ತಿರಲಿಲ್ಲವಾ? ಇಲ್ಲಿ ಆ ವಯಸ್ಸೇ ಸಾಕ್ಷ್ಯ. ಹಾಗಾಗಿ ದೂರಿನಲ್ಲಿ ವಯಸ್ಸು, ಕಾಯಿಲೆ, ವಾಕರ್ ಎಲ್ಲವನ್ನೂ ಬರೆಸಿ.

ಠಾಣೆಯಲ್ಲಿ ಇನ್ನೊಂದು ತೊಡಕು ಇದೆ. ಕೆನ್ನೆಗೆ ಹೊಡೆದದ್ದಷ್ಟೇ ಇದ್ದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್, ಅಂದರೆ ಇಂಥ ಅಪರಾಧಗಳ ದಾಖಲೆ, ಬರೆದು ಹಿಂಬರಹ (ದೂರಿಗೆ ಲಿಖಿತ ಉತ್ತರ) ಕೊಟ್ಟು ಕಳಿಸುತ್ತಾರೆ. ಆದರೆ ಕೋಣೆಯಲ್ಲಿ ಕೂಡಿಹಾಕಿದ್ದರೆ ಅದು ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು, ನೇರವಾಗಿ ಎಫ್‌ಐಆರ್ ಹಾಕಬಹುದು. ಪೆಟ್ಟಿಗಿಂತ ಚಿಲಕಕ್ಕೆ ಬೆಲೆ ಜಾಸ್ತಿ, ವಿಚಿತ್ರ ಅಲ್ವಾ? ಎರಡೂ ಒಟ್ಟಿಗೆ ನಡೆದಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ ಆಗುತ್ತದೆ. ‘ಹೊಡೆದ’ ಅಂತಷ್ಟೇ ಹೇಳಿ ಸುಮ್ಮನಾಗುವವರೇ ಜಾಸ್ತಿ. ಹೊರಗಿನಿಂದ ಬಾಗಿಲು ಹಾಕಿದ್ದು, ಫೋನ್ ಕಿತ್ತುಕೊಂಡದ್ದು ಎಲ್ಲವನ್ನೂ ಹೇಳಿ. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಪಕ್ಕದ ಮನೆಯವರೂ ಕೊಡಬಹುದು. ಅರವತ್ತು ದಾಟಿದ ಸಾಕ್ಷಿಯನ್ನು ಹೇಳಿಕೆಗೆ ಠಾಣೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರಿರುವಲ್ಲಿಗೆ ಬರಬೇಕು.

ಇಷ್ಟೆಲ್ಲ ಆದ ಮೇಲೆ ಹಿರಿಯರು ಏನು ಕೇಳುತ್ತಾರೆ ಗೊತ್ತಾ? ‘ಮಗ ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಂತರೆ ಸಾಕು.’ ರಾಜಿ ಆಗುವುದನ್ನು ನಾನು ತಪ್ಪು ಅನ್ನುವುದಿಲ್ಲ. ಸಾಮಾನ್ಯ ಗಾಯದ ಕೇಸಿನಲ್ಲಿ ಪೆಟ್ಟು ತಿಂದವರು ಒಪ್ಪಿದರೆ ರಾಜಿಗೆ ಕಾನೂನೂ ಅವಕಾಶ ಕೊಟ್ಟಿದೆ. ಬರೀ ಬಾಯಿಮಾತಿನ ರಾಜಿ ಮಾತ್ರ ಬೇಡ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ತಾಯಿಯೂ ರಕ್ಷಣೆಯ ಆದೇಶ ಕೇಳಬಹುದು. ಅದನ್ನು ಮೀರುವುದೇ ಒಂದು ಅಪರಾಧ. ತಂದೆಗೆ ಆ ದಾರಿಯಿಲ್ಲ. ಇಬ್ಬರಿಗೂ ಇರುವುದು 2007ರ ಹಿರಿಯ ನಾಗರಿಕರ ಕಾಯ್ದೆ. ನಮ್ಮ ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳೇ ಅದರ ನ್ಯಾಯಮಂಡಳಿ, ಅರ್ಜಿ ಅಲ್ಲಿಗೇ ಹಾಕಬೇಕು. ಆದರೆ ಆ ಕಾಯ್ದೆಯನ್ನು ಬಳಸಿ ಮನೆಯಲ್ಲಿ ಸೊಸೆಗಿರುವ ವಾಸದ ಹಕ್ಕನ್ನು ಅಳಿಸಿಹಾಕಲು ಆಗದು. ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಹೇಳಿದೆ.

ಎಲ್ಲಿ ಕೇಳಬೇಕೆಂದೇ ಗೊತ್ತಾಗದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ. ಈ ಕ್ಷಣಕ್ಕೇ ಏಟು ಬೀಳುತ್ತಿದ್ದರೆ 112. ಈಗ ನಿಮ್ಮ ಪ್ರಶ್ನೆಗಳು. ಆಸ್ತಿ ವಿಚಾರ ಆಮೇಲೆ ಕೇಳೋಣ, ಮೊದಲು ಪೆಟ್ಟಿನದು.